ಓದುಗರ ಪ್ರಶ್ನೆ: 32 ಎಂಬಿ ಕಾರ್ಡಿನಲ್ಲಿ ಲಿನಕ್ಸ್ ಹಿಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಮೆಣಸಿನಕಾಯಿ ಅಡತಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾಕ್ಕೆ ಸೀರಿಯಲ್ ಪೋರ್ಟಿನಲ್ಲಿ ಹಳೆಯ ಪೆಂಟಿಯಮ್-3 ಕಂಪ್ಯೂಟರ್ ಜೋಡಿಸಿದೆ. ಹಾರ್ಡ್ ಡಿಸ್ಕ್ ಜಾಗದಲ್ಲಿ 32 ಎಂಬಿ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಇದೆ. ಚೀಲದ ತೂಕ ಓದಿ ಬರೆದಿಟ್ಟರೆ ಸಾಕು. ಒಂದು ದೊಡ್ಡ ಲಿನಕ್ಸ್‌ನಿಂದ ಪ್ಯಾಕೇಜ್ ತೆಗೆಯುತ್ತ ಬಂದರೂ ಕರ್ನೆಲ್ (ಲಿನಕ್ಸ್‌ನ ತಿರುಳು) 11 ಎಂಬಿ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ರ್‍ಯಾಮ್‌ಗೆ ಬರುವ ಕಡತಗಳ ಕಟ್ಟು) 38 ಎಂಬಿಗೆ ನಿಂತಿವೆ. ಇನ್ನೇನು ತೆಗೆಯಲಿ?
– ಓದುಗರು, ಬ್ಯಾಡಗಿ

ಉತ್ತರ: ತೆಗೆಯುವುದನ್ನು ಬಿಡಿ, ಸೊನ್ನೆಯಿಂದ ಕಟ್ಟಿ. ದೊಡ್ಡ ಲಿನಕ್ಸ್‌ನ ಕರ್ನೆಲ್ ಎಲ್ಲರ ಯಂತ್ರಕ್ಕೂ ಹೊಂದಬೇಕು, ಅದಕ್ಕೇ ಅದರಲ್ಲಿ ಡ್ರೈವರ್, ಮಾಡ್ಯೂಲ್, ಫರ್ಮ್‌ವೇರ್ ತುಂಬಿರುತ್ತವೆ. ನಿಮ್ಮದು ಒಂದೇ ಯಂತ್ರ.

ಕರ್ನೆಲ್ ಮೂಲದಲ್ಲಿ 32 ಬಿಟ್ ಆರಿಸಿಕೊಂಡು 'ಮೇಕ್ ಟೈನಿಕಾನ್ಫಿಗ್' ಕೊಡಿ. ಇದು ಬಹುತೇಕ ಎಲ್ಲವನ್ನೂ ಆಫ್ ಮಾಡಿಬಿಡುತ್ತದೆ, ಪರದೆಗೆ ಸಂದೇಶ ಬರೆಯುವ ಪ್ರಿಂಟ್‌ಕೆ ಕೂಡ. ಅದನ್ನು ಮೊದಲು ಹಾಕಿ. ಇಲ್ಲದಿದ್ದರೆ ಕಪ್ಪು ಪರದೆ ನೋಡುತ್ತ ಕೂರಬೇಕು. ಆಮೇಲೆ ಇವನ್ನೂ ಹಾಕಿ: ಟಿಟಿವೈ, ವಿಜಿಎ ಕನ್ಸೋಲ್, 8250 ಸೀರಿಯಲ್, ಇನಿಟ್‌ಆರ್‌ಡಿ (ಇನಿಟ್‌ರಾಮ್‌ಎಫ್‌ಎಸ್ ಬೆಂಬಲ), ಇಎಲ್‌ಎಫ್ (ಪ್ರೋಗ್ರಾಂ ಕಡತಗಳ ಮಾದರಿ), ಸ್ಕ್ರಿಪ್ಟ್, ಪ್ರಾಕ್, ಡೆವ್‌ಟಿಎಂಪಿಎಫ್‌ಎಸ್. ಮಾಡ್ಯೂಲ್ ಬೇಡ, ನೆಟ್‌ವರ್ಕ್ ಬೇಡ. ಕರ್ನೆಲ್ಲನ್ನೂ ಇನಿಟ್‌ರಾಮ್‌ಎಫ್‌ಎಸ್ಸನ್ನೂ ಬೂಟ್‌ಲೋಡರ್ (ಕರ್ನೆಲ್ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಬಯೋಸ್ ಮೂಲಕವೇ ರ್‍ಯಾಮ್‌ಗೆ ತರುವುದರಿಂದ, ಬೂಟ್ ಆಗಲು ಡಿಸ್ಕ್ ಡ್ರೈವರ್ ಕೂಡ ಬೇಕಿಲ್ಲ. ಚೀಲದ ತೂಕ ಕಾರ್ಡಿಗೆ ಬರೆದಿಡಲು ಮಾತ್ರ ಎಟಿಎ (ಡಿಸ್ಕ್) ಡ್ರೈವರ್ ಮತ್ತು ಫ್ಯಾಟ್ ಕಡತ ವ್ಯವಸ್ಥೆ ಸೇರಿಸಿ.

ಉಳಿದ ಕೆಲಸಕ್ಕೆ ಹಲವು ಕಮಾಂಡ್‌ಗಳು ಒಂದೇ ಕಡತದಲ್ಲಿರುವ ಬ್ಯುಸಿಬಾಕ್ಸ್ ಒಂದೇ ಸಾಕು. ಮಸ್ಲ್ ಲೈಬ್ರರಿಯೊಂದಿಗೆ ಸ್ಟ್ಯಾಟಿಕ್ ಆಗಿ (ಲೈಬ್ರರಿ ಒಳಗೇ ಸೇರುವಂತೆ) ಕಟ್ಟಿದರೆ ಸುಮಾರು 1 ಎಂಬಿ. ಶೆಲ್, ಮೌಂಟ್, ಎಸ್‌ಟಿಟಿವೈ, ಸಿಂಕ್‌ನಂಥ ಕೆಲವನ್ನೇ ಆರಿಸಿದರೆ ಇನ್ನೂ ಇಳಿಯುತ್ತದೆ. ಇದನ್ನು ಯುಪಿಎಕ್ಸ್‌ನಿಂದ (ಪ್ರೋಗ್ರಾಂ ಕುಗ್ಗಿಸುವ ಸಾಧನ) ಮತ್ತೆ ಕುಗ್ಗಿಸಬೇಡಿ. ಇಡೀ ಇನಿಟ್‌ರಾಮ್‌ಎಫ್‌ಎಸ್ ಹೇಗೂ ಕುಗ್ಗುತ್ತದೆ, ಒಮ್ಮೆ ಕುಗ್ಗಿದ ಕಡತ ಎರಡನೇ ಸಲ ಕುಗ್ಗುವುದಿಲ್ಲ. ಇನಿಟ್‌ರಾಮ್‌ಎಫ್‌ಎಸ್‌ನ ಕಡತಗಳನ್ನು ಸಿಪಿಐಒ ಕಟ್ಟಾಗಿ ಮಾಡುವಾಗ 'ನ್ಯೂಸಿ' ಮಾದರಿಯೇ ಇರಲಿ. ಅದನ್ನು ಕುಗ್ಗಿಸುವ ಎಕ್ಸ್‌ಝಡ್‌ಗೆ ಸಿಆರ್‌ಸಿ32 ತಪಾಸಣೆ ಎಂದು ಹೇಳಲೇಬೇಕು: ಅದು ತಾನಾಗಿ ಹಾಕುವ ಸಿಆರ್‌ಸಿ64 ಅನ್ನು ಕರ್ನೆಲ್ ಒಪ್ಪುವುದಿಲ್ಲ.

ಬೂಟ್ ನಿಂತರೆ ಸಂದೇಶ ಓದಿ. 'ಎರರ್ -8' ಬಂದರೆ ಇಎಲ್‌ಎಫ್ ಅಥವಾ ಸ್ಕ್ರಿಪ್ಟ್ ಬೆಂಬಲ ಇಲ್ಲ, ಇಲ್ಲವೇ ಬ್ಯುಸಿಬಾಕ್ಸ್ 64 ಬಿಟ್‌ನದು. 'ಎರರ್ -2' ಬಂದರೆ ಸ್ಟ್ಯಾಟಿಕ್ ಆಗಿಲ್ಲದ ಪ್ರೋಗ್ರಾಂ ತನ್ನ ಲೋಡರ್ ಹುಡುಕುತ್ತಿರಬಹುದು. 'ರೂಟ್ ಎಫ್‌ಎಸ್ ಮೌಂಟ್ ಆಗಲಿಲ್ಲ' ಎಂದರೆ, ಬಹಳ ಸಲ 'ಇನಿಟ್' ಕಡತ ಇನಿಟ್‌ರಾಮ್‌ಎಫ್‌ಎಸ್‌ನ ರೂಟ್‌ನಲ್ಲೇ (ಎಲ್ಲಕ್ಕೂ ಮೇಲಿನ ಕಡತಕೋಶದಲ್ಲಿ) ಇರುವುದಿಲ್ಲ. ಎಸ್‌ಬಿನ್ ಒಳಗಿದ್ದರೆ ಲೆಕ್ಕಕ್ಕಿಲ್ಲ. ಡೆವ್ ಕಡತಕೋಶದಲ್ಲಿ ಕನ್ಸೋಲ್ (ಅಕ್ಷರ ಸಾಧನ 5, 1) ಮೊದಲೇ ಮಾಡಿಡಿ.

ಇಷ್ಟಾದರೆ ಒಟ್ಟು 5 ಎಂಬಿ ದಾಟುವುದಿಲ್ಲ. ಮಿಕ್ಕ ಜಾಗದಲ್ಲಿ ತೂಕಕ್ಕೆಂದೇ ಬೇರೆ ಪಾರ್ಟಿಶನ್ ಇಡಿ, ಪ್ರತಿ ಚೀಲದ ನಂತರ ಸಿಂಕ್ ಮಾಡಿ (ರ್‍ಯಾಮ್‌ನಲ್ಲಿರುವುದನ್ನು ಕಾರ್ಡಿಗೆ ಬರೆಸಿ). ಬೂಟ್ ಪಾರ್ಟಿಶನ್ ಮೌಂಟ್ ಮಾಡಲೇಬೇಡಿ. ಕರೆಂಟ್ ಹೋದಾಗ ಹಾಳಾಗುವುದು ಬರೆಯಲು ತೆರೆದಿಟ್ಟ ಪಾರ್ಟಿಶನ್. ಬೂಟ್ ಪಾರ್ಟಿಶನ್‌ಗೆ 'ಆ್ಯಕ್ಟಿವ್' ಗುರುತು ಹಾಕಲು ಮರೆಯಬೇಡಿ.

ಪ್ರಶ್ನೆ: ಇದೇ ಲಿನಕ್ಸ್ 1.44 ಎಂಬಿ ಫ್ಲಾಪಿಯಲ್ಲಿ ಹಿಡಿಯುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ಇಕ್ಕಟ್ಟಾದರೂ ಹಿಡಿಸಬಹುದು. ಫ್ಲಾಪಿಯಲ್ಲಿ 14,74,560 ಬೈಟ್ ಇವೆ. ಫ್ಯಾಟ್ ಹಾಕಿದ ಮೇಲೆ ಉಳಿಯುವುದು 14,57,664. ಬೂಟ್‌ಲೋಡರ್ ಆದ ಸಿಸ್‌ಲಿನಕ್ಸ್ 6ಕ್ಕೆ 100 ಕೆಬಿ ಮೀರಿದ ಇನ್ನೊಂದು ಕಡತ ಬೇಕಾದ್ದರಿಂದ 4ನೇ ಆವೃತ್ತಿ ಬಳಸಿ. ಬ್ಯುಸಿಬಾಕ್ಸ್‌ನಲ್ಲಿ ಬೇಕಾದ ಕಮಾಂಡ್‌ಗಳನ್ನು ಒಂದೊಂದಾಗಿ ಆರಿಸಿ. ಇಮೇಜ್ ಬರೆದ ಮೇಲೆ ಫ್ಲಾಪಿಯಿಂದ ಮರಳಿ ಓದಿ ಮೂಲದೊಂದಿಗೆ ಹೋಲಿಸಿ. ಒಂದು ಬೈಟ್ ತಪ್ಪಿದರೂ ಆ ಫ್ಲಾಪಿ ಎಸೆದು ಬೇರೆಯದು ತೆಗೆದುಕೊಳ್ಳಿ.