30 ಸಾವಿರ ರೂಪಾಯಿಯೊಳಗೆ, 1.2 ಕಿಲೋ ಮೀರದ ಹೊಸ ಲ್ಯಾಪ್‌ಟಾಪ್ ಯಾವುದು ಒಳ್ಳೆಯದು?

ಡೊಂಬಿವಲಿಯಿಂದ ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ದಿನವೂ ಲೋಕಲ್‌ನಲ್ಲಿ ಓಡಾಡಬೇಕು, ಕೈಯಲ್ಲಿ 30 ಸಾವಿರ ಇದೆ, ಲ್ಯಾಪ್‌ಟಾಪ್ ಹೊಸದೇ ಆಗಿರಬೇಕು, ತೂಕ 1.2 ಕಿಲೋ ಮೀರಬಾರದು ಎಂದು ಬರೆದಿದ್ದೀರಿ. ಊರು, ದಾರಿ, ವಿಭಾಗ, ಕಡೆಗೆ ತೂಕದ ಆ ಹಟವೂ ಒಂದು ಕಾಲಕ್ಕೆ ನನ್ನವೇ ಆಗಿದ್ದವು. ಎಂ.ಎ.ಗೆ ಸೇರಿದ ವರ್ಷ ನಾನು ಅಂಗಡಿಯವರಿಗೆ ಕೇಳಿದ ಮೊದಲ ಪ್ರಶ್ನೆ ‘ಇದರ ತೂಕ ಎಷ್ಟು’ ಎಂಬುದು; ಅದಕ್ಕೆ ಮನಸ್ಸಿಗೆ ಒಪ್ಪುವ ಉತ್ತರ ಸಿಕ್ಕಿದ ಮೇಲೆ ಬೇರೇನನ್ನೂ ಕೇಳುವ ಗೋಜಿಗೆ ಹೋಗಲಿಲ್ಲ.

ಕಂಪನಿಯ ಹೆಸರು ಇಲ್ಲಿ ಬೇಡ, ಏಕೆಂದರೆ ಅಂಥದ್ದನ್ನು ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ತಯಾರಿಸುತ್ತವೆ. 11 ಅಂಗುಲದ ಪರದೆ, ಸೆಲೆರಾನ್ ಎಂಬ ಅಗ್ಗದ ಪ್ರೊಸೆಸರ್, ಕೆಲಸ ನಡೆಯುವಾಗಿನ ಸ್ಮೃತಿಯಾಗಿ 4 ಜಿಬಿ ರ‍್ಯಾಮ್, ಕಡತಗಳನ್ನಿಡಲು 64 ಜಿಬಿ ಇಎಂಎಂಸಿ. ಫ್ಯಾನ್ ಇಲ್ಲದ್ದರಿಂದ ಸದ್ದಿಲ್ಲ, ಒಂದು ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಅನ್ನಿಸುವುದಿಲ್ಲ. ಮೊದಲ ಕೆಲವು ವಾರ ನನ್ನಷ್ಟು ಸುಖಿ ಇರಲಿಲ್ಲ.

ಆಮೇಲೆ ಆದದ್ದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಅಂಗಡಿಯ ಫಲಕದಲ್ಲಿ ಇದಾವುದೂ ಬರೆದಿರುವುದಿಲ್ಲ. 64 ಜಿಬಿ ಎಂದು ಪೆಟ್ಟಿಗೆಯ ಮೇಲೆ ಇದ್ದರೂ ವಿಂಡೋಸ್ ತೋರಿಸುವುದು 60ಕ್ಕಿಂತ ಕಡಿಮೆ. ಅದರಲ್ಲಿ ದೊಡ್ಡ ಪಾಲು ವಿಂಡೋಸಿಗೇ ಬೇಕು, ಉಳಿದದ್ದರಲ್ಲಿ ನಿಮ್ಮ ಕಡತಗಳೂ ಇರಬೇಕು, ಅಪ್‌ಡೇಟ್ ಬಂದಾಗ ಅದಕ್ಕೂ ಜಾಗ ಇರಬೇಕು. ನನ್ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಿದ್ದವು. ಅವುಗಳಲ್ಲಿ ಪ್ರತಿ ಪುಟವೂ ಒಂದು ಚಿತ್ರ. ಅಂಥ ಎರಡು ಪುಸ್ತಕಗಳನ್ನು ತೆರೆದು, ಪಕ್ಕದಲ್ಲಿ ಬ್ರೌಸರನ್ನೂ ತೆರೆದರೆ 4 ಜಿಬಿ ರ‍್ಯಾಮ್ ತುಂಬಿಹೋಗುತ್ತಿತ್ತು. ರ‍್ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಾದದ್ದನ್ನು ಡಿಸ್ಕಿಗೆ ಸಾಗಿಸುತ್ತದೆ; ವೇಗದ ಡಿಸ್ಕಾದ ಒಳ್ಳೆಯ ಎಸ್‌ಎಸ್‌ಡಿ ಇದ್ದರೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ಆದರೆ ಇಎಂಎಂಸಿ ಎಂಬುದು ಅಗ್ಗದ ಮೊಬೈಲುಗಳಲ್ಲಿ ಬಳಸುವ ಜಾತಿಯ ನಿಧಾನದ ಸ್ಮೃತಿ, ಹೀಗಾಗಿ ಎಲ್ಲವೂ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಕನ್ನಡ ಟೈಪ್ ಮಾಡುವವರಿಗೆ ಇದರ ಹಿಂಸೆ ಇನ್ನೂ ಹೆಚ್ಚು. ಒಂದು ಒತ್ತಕ್ಷರಕ್ಕೆ ವ್ಯಂಜನ, ಅರ್ಧಾಕ್ಷರದ ಕೀಲಿ, ಮತ್ತೊಂದು ವ್ಯಂಜನ ಎಂದು ಮೂರು ಸಲ ಒತ್ತಬೇಕಲ್ಲ, ಪರದೆಯ ಮೇಲೆ ಏನೂ ಮೂಡದಿದ್ದಾಗ ನಡುವಿನ ಕೀಲಿ ಬಿದ್ದಿತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಒತ್ತುತ್ತಿದ್ದೆ, ಕೊನೆಗೆ ಎಲ್ಲವೂ ಒಟ್ಟಿಗೆ ಬಂದು ‘ರಾಷ್ಟ್ರ’ ಎಂಬ ಪದ ಮೂರು ತುಂಡಾಗಿ ನಿಂತಿರುತ್ತಿತ್ತು.

ರ‍್ಯಾಮ್ ಹೆಚ್ಚಿಸಿದರೆ ಆಯಿತು ಎಂದುಕೊಂಡು ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ರಿಪೇರಿಯ ಹುಡುಗ ಕೆಳಬದಿಯ ಸ್ಕ್ರೂಗಳನ್ನು ಬಿಚ್ಚಿ, ಹಳೆಯ ಸಿಮ್ ಕಾರ್ಡಿನ ಪ್ಲಾಸ್ಟಿಕ್ಕನ್ನು ಅಂಚಿನೊಳಗೆ ತೂರಿಸಿ, ಮುಚ್ಚಳವನ್ನು ಟಪ್ ಟಪ್ ಎಂದು ಎಬ್ಬಿಸಿದ. ಒಳಗೆ ಮುಕ್ಕಾಲು ಭಾಗ ಬ್ಯಾಟರಿಯೇ ಇತ್ತು. ಮೇಲಿನ ಮೂಲೆಯಲ್ಲಿ ಅಂಗೈ ಅಗಲದ ಹಸಿರು ಬೋರ್ಡು. ಅದರ ಮೇಲಿನ ಸಣ್ಣ ಕಪ್ಪು ಚೌಕಗಳ ಮೇಲೆ ಸ್ಕ್ರೂಡ್ರೈವರಿನ ತುದಿಯಿಟ್ಟು ಇದು ರ‍್ಯಾಮ್, ಇದು ಡಿಸ್ಕ್, ಎರಡೂ ಬೋರ್ಡಿಗೇ ಬೆಸೆದಿವೆ, ಸ್ಲಾಟ್ ಎಂಬುದೇ ಇಲ್ಲ, ಹಾಕುವುದೆಲ್ಲಿ ಎಂದು ಕೇಳಿದ. ನನ್ನ ತಪ್ಪು 4 ಜಿಬಿಯದನ್ನು ಕೊಂಡದ್ದಲ್ಲ, ಹಣವಿಲ್ಲದಿದ್ದಾಗ 4 ಜಿಬಿಯಿಂದ ಆರಂಭಿಸುವುದರಲ್ಲಿ ಅವಮಾನವೇನಿಲ್ಲ. ಸ್ಕಾಲರ್‌ಶಿಪ್ ಬಂದ ತಿಂಗಳು ಅದನ್ನು 8 ಅಥವಾ 16ಕ್ಕೆ ಏರಿಸುವ ದಾರಿ ಇದೆಯೇ ಎಂದು ಕೇಳದೆ, ಆ ದಾರಿಯನ್ನು ಮುಚ್ಚಿಯೇ ಹಗುರ ಮಾಡಿದ ಯಂತ್ರವನ್ನು ಕೊಂಡದ್ದು ತಪ್ಪು. ಸ್ಲಾಟು, ಅದರ ಮುಚ್ಚಳ, ಬೇರ್ಪಡಿಸಬಹುದಾದ ಡಿಸ್ಕು ಇವೆಲ್ಲ ಜಾಗವನ್ನೂ ತೂಕವನ್ನೂ ಬೇಡುತ್ತವೆ; ಅಗ್ಗದ ಹಗುರ ಲ್ಯಾಪ್‌ಟಾಪಿನಲ್ಲಿ ಮೊದಲು ಕತ್ತರಿಸುವುದು ಅವನ್ನೇ. ನನ್ನ ಆ ಯಂತ್ರವನ್ನು ಅರ್ಧ ಬೆಲೆಗೂ ಯಾರೂ ಕೇಳಲಿಲ್ಲ. ಕಿರುಪ್ರಬಂಧದ ಕೊನೆಯ ಅಧ್ಯಾಯಗಳನ್ನು ಮಾಟುಂಗದ ಗೆಳೆಯನ ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ಕುಳಿತು ಬರೆದೆ, ಅವನ ಅಮ್ಮನ ಚಹಾದ ಋಣ ಇನ್ನೂ ತೀರಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿರುವ ‘ಹೊಸದೇ’ ಮತ್ತು ‘1.2 ಕಿಲೋ’ ಎಂಬ ಎರಡು ಷರತ್ತುಗಳನ್ನೂ ಬಿಟ್ಟುಬಿಡಿ ಎಂದು ಹೇಳುತ್ತೇನೆ. 30 ಸಾವಿರದೊಳಗೆ ಹೊಸದು ಮತ್ತು ಹಗುರ ಎರಡೂ ಬೇಕೆಂದರೆ ನಿಮಗೆ ಸಿಗುವುದು ನನಗೆ ಸಿಕ್ಕಂಥದ್ದೇ. ವಿಂಡೋಸ್ 11 ಕೇಳುವ ಕನಿಷ್ಠ ಅರ್ಹತೆ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ. ಆ ಗೆರೆಯನ್ನು ಮುಟ್ಟಿದ ಯಂತ್ರವನ್ನು ಅಂಗಡಿಯವರು ಧೈರ್ಯವಾಗಿ ಮಾರಬಹುದು, ಆದರೆ ಅದರ ಮೇಲೆ ಸಂಶೋಧನೆ ಬರೆಯಲಾಗದು. ಕ್ರೋಮ್‌ಬುಕ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ, ಅದರಲ್ಲಿ ವಿಂಡೋಸ್ ಇರುವುದಿಲ್ಲ; ಕನ್ನಡದ ಡಿಟಿಪಿಯವರು ಇಂದಿಗೂ ನುಡಿ ಅಥವಾ ಬರಹದ ಕಡತ ಕೇಳುತ್ತಾರೆ, ಆ ತಂತ್ರಾಂಶಗಳು ವಿಂಡೋಸಿಗಾಗಿ ಮಾಡಿದವು ಎಂಬುದನ್ನು ನೆನಪಿಡಿ.

ಕೊಳ್ಳಬೇಕಾದದ್ದು ಕಂಪನಿಗಳು ಕೆಲವು ವರ್ಷ ಬಳಸಿ ಒಟ್ಟಿಗೆ ಹೊರಹಾಕುವ ಆಫೀಸ್ ಲ್ಯಾಪ್‌ಟಾಪುಗಳಲ್ಲಿ ಒಂದನ್ನು. ಥಿಂಕ್‌ಪ್ಯಾಡ್ ಟಿ480ಎಸ್ ಸುಮಾರು 1.3 ಕಿಲೋ ತೂಗುತ್ತದೆ. ಅದರಲ್ಲಿ ಸ್ವಲ್ಪ ರ‍್ಯಾಮ್ ಬೋರ್ಡಿಗೆ ಬೆಸೆದಿದ್ದರೂ ಇನ್ನೊಂದಕ್ಕೆ ಸ್ಲಾಟ್ ಇದೆ. ಡೆಲ್ ಲ್ಯಾಟಿಟ್ಯೂಡ್ 7490 ಸುಮಾರು 1.4 ಕಿಲೋ, ಎಚ್‌ಪಿ ಎಲೈಟ್‌ಬುಕ್ 840 ಜಿ5 ಸುಮಾರು 1.5 ಕಿಲೋ, ಇವೆರಡರಲ್ಲೂ ಎರಡು ಸ್ಲಾಟುಗಳಿವೆ. ಇನ್ನೂ ಹಗುರವಾದ ಥಿಂಕ್‌ಪ್ಯಾಡ್ ಎಕ್ಸ್280 ಕಂಡರೆ ಆಸೆಪಡಬೇಡಿ, ಅದರ ರ‍್ಯಾಮ್ ಪೂರ್ತಿ ಬೆಸೆದದ್ದು. ಮ್ಯಾಕ್‌ಬುಕ್ ಏರ್ ಎಂ1 ತೂಗುವುದು 1.29 ಕಿಲೋ, ಅದೇಕೆ ಬೇಡ ಎಂದು ಕೇಳುವವರು ಇದ್ದೇ ಇರುತ್ತಾರೆ. ನಿಮ್ಮ ಸೋದರಮಾವ ಕೊಡಿಸುವುದಾದರೆ ಖಂಡಿತ ತೆಗೆದುಕೊಳ್ಳಿ.

ಪ್ರೊಸೆಸರಿನ ಮಾತಿನಲ್ಲಿ ಅಂಗಡಿಯವರು ‘ಐ5’ ಎಂಬುದನ್ನು ಮಂತ್ರದಂತೆ ಹೇಳುತ್ತಾರೆ. ಅದರ ಮುಂದಿನ ಸಂಖ್ಯೆಯನ್ನು ನೋಡಿ. ಐ5-7200ಯು ಎಂಬ ಏಳನೆಯ ಪೀಳಿಗೆಯದರಲ್ಲಿ ಎರಡೇ ಕೋರ್‌ಗಳಿದ್ದವು (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳು). 2017ರಲ್ಲಿ ಬಂದ ಐ5-8250ಯುದಲ್ಲಿ ನಾಲ್ಕಾದವು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವ ಇಂಟೆಲ್ ಪ್ರೊಸೆಸರುಗಳ ಪಟ್ಟಿಯೂ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯಿಂದಲೇ ಶುರುವಾಗುತ್ತದೆ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏಳನೆಯ ಪೀಳಿಗೆಯವು ಈಗ ಅಷ್ಟೊಂದು ಅಗ್ಗಕ್ಕೆ ಸಿಗುವುದು ಈ ಕಾರಣಕ್ಕೇ.

ಇನ್ನು ತೂಕ. ನೀವು ಹೆದರುತ್ತಿರುವ ವ್ಯತ್ಯಾಸ 100 ರಿಂದ 300 ಗ್ರಾಂ. ಚೀಲದಲ್ಲಿ ತುಂಬಿಟ್ಟ ಒಂದು ಲೀಟರ್ ನೀರಿನ ಬಾಟಲಿ ಒಂದು ಕಿಲೋಗಿಂತ ಹೆಚ್ಚು ತೂಗುತ್ತದೆ. ಮೇಲೆ ಹೇಳಿದ ಮೂರೂ ಯಂತ್ರಗಳು ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವುದರಿಂದ ಆ ಇಟ್ಟಿಗೆಯಂಥ ಹಳೆಯ ಅಡಾಪ್ಟರನ್ನು ಮನೆಯಲ್ಲಿಟ್ಟು, ಮೊಬೈಲಿಗೂ ಆಗುವ 65 ವ್ಯಾಟಿನ ಸಣ್ಣ ಚಾರ್ಜರ್ ಒಂದನ್ನು ಒಯ್ದರೆ ಆ ವ್ಯತ್ಯಾಸದ ಒಂದು ಪಾಲು ಅಲ್ಲಿಯೇ ಕಳೆಯುತ್ತದೆ. ಬೆಳಗಿನ ಡೊಂಬಿವಲಿ ಫಾಸ್ಟ್‌ನಲ್ಲಿ ಚೀಲವನ್ನು ಎದೆಗೆ ಅವುಚಿಕೊಂಡು ಕುರ್ಲಾದವರೆಗೆ ನಿಂತವರಿಗೆ ಗೊತ್ತು, ಅಲ್ಲಿ ಪರೀಕ್ಷೆಗೆ ಒಳಗಾಗುವುದು ಹೆಗಲಲ್ಲ, ಲ್ಯಾಪ್‌ಟಾಪಿನ ಮುಚ್ಚಳ. ನನ್ನ ಸಹಪಾಠಿಯೊಬ್ಬಳ ತೆಳುವಾದ ಪ್ಲಾಸ್ಟಿಕ್ ಮುಚ್ಚಳದ ಲ್ಯಾಪ್‌ಟಾಪ್ ಒಂದು ದಿನ ತರಗತಿಯಲ್ಲಿ ತೆರೆದಾಗ ಪರದೆಯೊಳಗೆ ಕಪ್ಪು ಕಲೆ ಹರಡಿತ್ತು. ಎಲ್ಲಿಯೂ ಬಿದ್ದಿರಲಿಲ್ಲ, ಜನರ ಒತ್ತಡಕ್ಕೇ ಒಡೆದಿತ್ತು. ಬೆರಳಿನಿಂದ ಮುಚ್ಚಳದ ಹಿಂಭಾಗವನ್ನು ಮೆಲ್ಲಗೆ ಒತ್ತಿನೋಡಿ, ಬಾಗಿದರೆ ಅದು ಸೆಂಟ್ರಲ್ ಲೈನಿಗೆ ಹೇಳಿದ್ದಲ್ಲ.

ಹಳೆಯದನ್ನು ಕೊಳ್ಳುವಾಗ ನೋಡಬೇಕಾದದ್ದು ಮುಖ್ಯವಾಗಿ ಬ್ಯಾಟರಿ ಮತ್ತು ಬೀಗ. ಕಮಾಂಡ್ ಪ್ರಾಂಪ್ಟಿನಲ್ಲಿ powercfg /batteryreport ಎಂಬ ಆದೇಶದಿಂದ ಬ್ಯಾಟರಿ ವರದಿ ತೆಗೆಸಿ. ಅದರಲ್ಲಿ ವಿನ್ಯಾಸದ ಸಾಮರ್ಥ್ಯವೂ ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯವೂ ಬೇರೆ ಬೇರೆಯಾಗಿ ಬರುತ್ತವೆ. ಟಿ480ಎಸ್‌ನ ಬ್ಯಾಟರಿ ಹೊಸದಾಗಿದ್ದಾಗ 57 ವ್ಯಾಟ್-ಅವರ್. ವರದಿಯಲ್ಲಿ 35,000 ಮಿಲಿವ್ಯಾಟ್-ಅವರ್, ಅಂದರೆ 35 ವ್ಯಾಟ್-ಅವರ್, ಬಂದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಮಾತಾಡಿ. ಬಳಿಕ ಯಂತ್ರವನ್ನು ಮತ್ತೆ ಚಾಲೂ ಮಾಡಿಸಿ, ಥಿಂಕ್‌ಪ್ಯಾಡ್ ಆದರೆ ಎಫ್1, ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10 ಒತ್ತಿ ಬಯೋಸ್ (ವಿಂಡೋಸ್ ಶುರುವಾಗುವ ಮುಂಚಿನ ಸೆಟಿಂಗ್ ಪುಟ) ತೆರೆಯಿರಿ. ಪಾಸ್‌ವರ್ಡ್ ಕೇಳಿದರೆ ಹಳೆಯ ಕಂಪನಿಯ ಬೀಗ ಇನ್ನೂ ಉಳಿದಿದೆ ಎಂದರ್ಥ. ಥಿಂಕ್‌ಪ್ಯಾಡಿನಲ್ಲಂತೂ ಒಳಗಿನ ಸಣ್ಣ ಸೆಲ್ ತೆಗೆದಿಟ್ಟರೂ ಸೂಪರ್‌ವೈಸರ್ ಪಾಸ್‌ವರ್ಡ್ ಅಳಿಯುವುದಿಲ್ಲ, ಅಂಗಡಿಯವರು ಏನೇ ಹೇಳಲಿ. ಪರದೆ 1920×1080 ಇರಲಿ, ಪಕ್ಕದಿಂದ ನೋಡಿದಾಗ ಬಣ್ಣ ಮಾಸದಿರಲಿ. ಸ್ಕ್ಯಾನ್ ಪುಟ ಓದುವವರಿಗೆ ಇದು ಪ್ರೊಸೆಸರಿಗಿಂತ ಮುಖ್ಯ.

ಲ್ಯಾಮಿಂಗ್ಟನ್ ರಸ್ತೆಗೆ ದಾದರಿನಲ್ಲಿ ಗಾಡಿ ಬದಲಿಸಿ, ವೆಸ್ಟರ್ನ್ ಲೈನಿನ ಸ್ಲೋ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿಯಿರಿ. ಹಲವು ಫಾಸ್ಟ್ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ಹಣ ಕೊಡುವ ಮುಂಚೆ ನಿಮ್ಮೆದುರಿಗೇ ಹಿಂಬದಿಯನ್ನು ಬಿಚ್ಚಿಸಿ ಸ್ಲಾಟನ್ನು ಕಣ್ಣಾರೆ ನೋಡಿ. ಸೀರಿಯಲ್ ನಂಬರ್ ಮತ್ತು ವಾರಂಟಿಯ ಅವಧಿ ಎರಡನ್ನೂ ಜಿಎಸ್‌ಟಿ ಬಿಲ್ಲಿನಲ್ಲೇ ಬರೆಸಿಕೊಳ್ಳಿ, ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಲ್ಲ.