ಊರಿಂದ ಬಂದ ಅಪ್ಪ-ಅಮ್ಮನಿಗೆ ಲಿಬರ್ಟಿ ಪ್ರತಿಮೆ ತೋರಿಸಬೇಕು. ಪ್ರತಿಮೆಯ ಕಿರೀಟದವರೆಗೆ ಹತ್ತುವ ಕ್ರೌನ್ ಟಿಕೆಟ್ ಸಿಗಲಿಲ್ಲ. ಹಿಂದೆ ಹಡಗಿನಲ್ಲಿ ಬಂದ ವಲಸೆಗಾರರನ್ನು ತಪಾಸಣೆ ಮಾಡುತ್ತಿದ್ದ ಪಕ್ಕದ ಎಲ್ಲಿಸ್ ಐಲ್ಯಾಂಡ್ ಬಿಟ್ಟು ಬರೀ ಪ್ರತಿಮೆ ನೋಡಿ ಬಂದರೆ ಸಾಕಾ?

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ, ಅಮ್ಮನಿಗೆ ಮಂಡಿನೋವು, ಕೈಯಲ್ಲಿರುವುದು ಒಂದೇ ಶನಿವಾರ. ನಿಮ್ಮ ಪ್ರಶ್ನೆ ಓದಿದಾಗ ಇದನ್ನು ನಾನೇ ಯಾವತ್ತೋ ಬರೆದು ಮರೆತಿದ್ದೀನಾ ಅನ್ನಿಸಿತು. ನನ್ನ ಲೆಕ್ಕವೂ ಇದೇ ಆಗಿತ್ತು. ಪ್ರತಿಮೆ ಮುಖ್ಯ, ಟೈಮ್ ಉಳಿದರೆ ಎಲ್ಲಿಸ್ ಐಲ್ಯಾಂಡ್. ದಯವಿಟ್ಟು ಇದನ್ನು ತಿರುಗಿಸಿ ಹಾಕಿ. ಎಲ್ಲಿಸ್ ಮುಖ್ಯ, ಟೈಮ್ ಉಳಿದರೆ ಪ್ರತಿಮೆ. ಕ್ರೌನ್ ಟಿಕೆಟ್ ಸಿಗದೇ ಹೋದದ್ದು ಒಳ್ಳೆಯದೇ ಆಯಿತು.

ನಮಗೆ ಸಿಕ್ಕಿತ್ತು. ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿದ್ದೆ. ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೂ ಆಯಿತು. ಆದರೆ ಹತ್ತುವ ಜಾಗ ಆರಿಸುವಾಗ ಮ್ಯಾನ್‌ಹಾಟನ್‌ನ ಬ್ಯಾಟರಿ ಪಾರ್ಕ್ ಅಂತ ಒತ್ತಿಬಿಟ್ಟೆ. ಇಡೀ ದಿನ ಕೆಟ್ಟದ್ದು ಅಲ್ಲೇ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನ್ಯೂಜೆರ್ಸಿಯಲ್ಲಿ ಇರುವ ನಮ್ಮವರು ಬಹಳಷ್ಟು ಜನ ಹೀಗೇ ಮಾಡುತ್ತಾರೆ.

ದ್ವೀಪಗಳಿಗೆ ಇಳಿಸುವ ಅಧಿಕೃತ ಫೆರ್ರಿ ಒಂದೇ ಕಂಪನಿಯದು. ಅದು ಎರಡು ಕಡೆಯಿಂದ ಹೊರಡುತ್ತದೆ. ಒಂದು ಬ್ಯಾಟರಿ ಪಾರ್ಕ್. ಇನ್ನೊಂದು ಜೆರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕ್. ಟಿಕೆಟ್ ದರದಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ದಾರಿಯಲ್ಲಿ. ಬ್ಯಾಟರಿ ಪಾರ್ಕಿನಿಂದ ಹೊರಟ ದೋಣಿ ಮೊದಲು ಪ್ರತಿಮೆಗೆ ಹೋಗುತ್ತದೆ, ಆಮೇಲೆ ಎಲ್ಲಿಸ್‌ಗೆ. ಜೆರ್ಸಿಯಿಂದ ಹೊರಟದ್ದು ಮೊದಲು ಎಲ್ಲಿಸ್‌ಗೆ ಹೋಗುತ್ತದೆ, ಆಮೇಲೆ ಪ್ರತಿಮೆಗೆ. ಇಷ್ಟೇ. ಆದರೆ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದೇ ದೊಡ್ಡ ವಿಷಯ. ಮೊದಲು ಇಳಿದ ಕಡೆ ಕಾಲಲ್ಲಿ ಶಕ್ತಿ ಇರುತ್ತದೆ, ತಲೆ ಓಡುತ್ತಿರುತ್ತದೆ. ಎರಡನೇ ಕಡೆಗೆ ಉಳಿಯುವುದು ಹಸಿವು ಮತ್ತು ವಾಚು.

ನಾವು ಮಾಡಿದ್ದು ನೋಡಿ. ಎಡಿಸನ್ನಿಂದ ರೈಲು ಹತ್ತಿ ಪೆನ್ ಸ್ಟೇಷನ್. ಅಲ್ಲಿಂದ ಸಬ್‌ವೇ ಹಿಡಿದು ಸೌತ್ ಫೆರ್ರಿ. ಮೆಟ್ಟಿಲು ಹತ್ತಿ ಹೊರಗೆ ಬಂದರೆ ಕೊರಳಿಗೆ ಕಾರ್ಡ್ ನೇತುಹಾಕಿಕೊಂಡವರು ಅಡ್ಡ ಹಾಕಿ 'ಸ್ಟ್ಯಾಚ್ಯೂ ಟಿಕೆಟ್, ಸ್ಟ್ಯಾಚ್ಯೂ ಟಿಕೆಟ್' ಅನ್ನುತ್ತಾರೆ. ಇವರ ಹತ್ತಿರ ಏನೂ ಕೊಳ್ಳಬೇಡಿ. ಇಂಥವರು ಮಾರುವ ದೋಣಿಗಳು ಸುಮ್ನೆ ಪ್ರತಿಮೆಯ ಮುಂದೆ ಸುತ್ತಿಸಿ ವಾಪಸ್ ತರುತ್ತವೆ, ದ್ವೀಪದಲ್ಲಿ ಇಳಿಸುವುದಿಲ್ಲ. ಆಮೇಲೆ ಏರ್‌ಪೋರ್ಟಿನಂಥ ತಪಾಸಣೆ. ಬೆಲ್ಟು, ಪರ್ಸು, ಅಮ್ಮನ ಬಳೆ, ಎಲ್ಲ. ದೋಣಿ ಹತ್ತುವಷ್ಟರಲ್ಲೇ ಅಮ್ಮ ಅರ್ಧ ಸೋತಿದ್ದರು. ಇದೇ ಜೆರ್ಸಿ ಕಡೆಯಿಂದ ಆಗಿದ್ದರೆ? ಟರ್ನ್‌ಪೈಕಿನಲ್ಲಿ ಎಕ್ಸಿಟ್ 14ಬಿ ಹಿಡಿದು, ಕಾರು ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದರೆ ಫೆರ್ರಿ. ತಪಾಸಣೆ ಅಲ್ಲೂ ಇದೆ, ಆದರೆ ಜನ ಕಡಿಮೆ. ಮನೆ ಹತ್ತಿರದ ಬಾಗಿಲು ಬಿಟ್ಟು ಊರೆಲ್ಲ ಸುತ್ತಿ ಹಿಂದಿನ ಬಾಗಿಲಿಗೆ ಹೋದೆ. ಯಾಕೆ? 'ನ್ಯೂಯಾರ್ಕ್ ನೋಡೋಕೆ ನ್ಯೂಯಾರ್ಕಿಂದಲೇ ಹೋಗಬೇಕು' ಅನ್ನುವ ಒಂದು ಹುಚ್ಚು ಕಲ್ಪನೆ. ಪ್ರತಿಮೆ ಜೆರ್ಸಿ ದಡಕ್ಕೇ ಹತ್ತಿರ. ಎಲ್ಲಿಸ್ ಐಲ್ಯಾಂಡಿನ ಹೆಚ್ಚಿನ ಭಾಗ ನ್ಯೂಜೆರ್ಸಿಗೇ ಸೇರಿದ್ದು ಅಂತ 1998ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನನಗೆ ಅದೆಲ್ಲ ಗೊತ್ತಾದದ್ದು ಆಮೇಲೆ.

ಇನ್ನು ಕ್ರೌನ್. ಪೀಠದವರೆಗೆ ಲಿಫ್ಟ್ ಇದೆ. ಅಲ್ಲಿಂದ ಕಿರೀಟಕ್ಕೆ 162 ಮೆಟ್ಟಿಲು. ಸುರುಳಿ ಮೆಟ್ಟಿಲು, ಎಷ್ಟು ಇಕ್ಕಟ್ಟು ಅಂದರೆ ಮುಂದಿನವರ ಹಿಮ್ಮಡಿ ನಿಮ್ಮ ಮೂಗಿನ ಎದುರು. ಅಮ್ಮ ಕೆಳಗೆ ಬೆಂಚಿನಲ್ಲಿ ಎಲ್ಲರ ಬ್ಯಾಗು ಕಾಯುತ್ತಾ ಕೂತರು. ನಾನು, ನನ್ನ ಹೆಂಡತಿ, ಅಪ್ಪ ಹತ್ತಿದೆವು. ಅಪ್ಪ ಗಟ್ಟಿ ಮನುಷ್ಯ. ಮೇಲೆ ಸಾಲಾಗಿ 25 ಪುಟ್ಟ ಕಿಟಕಿಗಳಿವೆ. ಬಗ್ಗಿ ನೋಡಿದರೆ ಬಂದರು, ಹಡಗು, ನೀರು. 'ಪ್ರತಿಮೆ ಎಲ್ಲೋ ಕಾಣ್ತಿಲ್ವಲ್ಲ' ಅಂದರು ಅಪ್ಪ. ತಮಾಷೆಗಲ್ಲ, ನಿಜವಾಗಿ. ತಲೆಯೊಳಗೆ ಹೋದ ಮೇಲೆ ಪ್ರತಿಮೆ ಹೇಗೆ ಕಾಣುತ್ತೆ? ಹತ್ತುವಾಗ ಒಳಗಿನ ಕಬ್ಬಿಣದ ಹಂದರ ಕಾಣುವುದು ಮಾತ್ರ ಚೆನ್ನ. ಐಫೆಲ್ ಗೋಪುರದ ಐಫೆಲ್ ಇದಕ್ಕೆ ರೂಪಿಸಿಕೊಟ್ಟ ಅಸ್ಥಿಪಂಜರ ಅದು. ಅದರ ಮೇಲೆ ಬರೀ 2.4 ಮಿಲಿಮೀಟರ್ ದಪ್ಪದ ತಾಮ್ರದ ತಗಡು.

ಆ ತಾಮ್ರದ ವಿಷಯದಲ್ಲಿ ಬೆಂಚಿನ ಮೇಲೆ ಕೂತ ಅಮ್ಮನೇ ನಮಗಿಂತ ಚೆನ್ನಾಗಿ ಗಮನಿಸಿದ್ದರು. 'ಇದು ತಿಕ್ಕದೆ ಬಿಟ್ಟ ತಾಮ್ರದ ಹಂಡೆ ಥರ ಆಗಿದೆಯಲ್ಲೋ, ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಫಳಫಳ ಅನ್ನುತ್ತೆ' ಅಂದರು. ಸರಿಯಾಗೇ ಹೇಳಿದ್ದು. 1886ರಲ್ಲಿ ನಿಲ್ಲಿಸಿದಾಗ ಅದು ತಾಮ್ರದ ಬಣ್ಣದಲ್ಲೇ ಇತ್ತು, ಹಸಿರಾದದ್ದು ಗಾಳಿ-ಮಳೆಗೆ. ಉಜ್ಜುವುದಿಲ್ಲ ಯಾಕೆಂದರೆ ಆ ಹಸಿರು ಪದರವೇ ಒಳಗಿನ ತಗಡನ್ನು ಕಾಪಾಡುತ್ತಿದೆ.

ಕ್ರೌನ್ ಇಳಿದು, ಊಟ ಮಾಡಿ, ಅಮ್ಮನಿಗೆ ಒಂದು ಸುತ್ತು ತೋರಿಸಿ, ಎಲ್ಲಿಸ್‌ಗೆ ಹೋಗುವ ದೋಣಿಯ ಕ್ಯೂನಲ್ಲಿ ನಿಂತೆವು. ಬೆಳಗ್ಗೆ ಬ್ಯಾಟರಿ ಪಾರ್ಕಿನಿಂದ ಬಂದವರೆಲ್ಲ ಅದೇ ಹೊತ್ತಿಗೆ ಅದೇ ಕ್ಯೂಗೆ ಬಂದಿದ್ದರು. ಎಲ್ಲಿಸ್‌ನಲ್ಲಿ ಇಳಿದಾಗ ಮ್ಯೂಸಿಯಂ ಮುಚ್ಚಲು ಮುಕ್ಕಾಲು ಗಂಟೆಯೂ ಉಳಿದಿರಲಿಲ್ಲ.

ನಮ್ಮಪ್ಪ ರೈಲ್ವೆಯವರು. ಅರಸೀಕೆರೆ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಎಲ್ಲಿಸ್‌ನ ಬಾಗಿಲು ದಾಟಿದ ಕೂಡಲೇ ಸಿಗುವುದು ಏನು ಗೊತ್ತಾ? ಲಗೇಜ್ ರೂಮು! ಹಡಗಿನಿಂದ ಇಳಿದವರು ಸಾಮಾನು ಬಿಟ್ಟು ಮೇಲೆ ಹೋಗುತ್ತಿದ್ದ ಜಾಗ. ಅಲ್ಲಿ ಹಳೆಯ ಟ್ರಂಕುಗಳು, ಬೆತ್ತದ ಪೆಟ್ಟಿಗೆಗಳು, ಬುಟ್ಟಿಗಳನ್ನು ರಾಶಿ ಒಟ್ಟಿ ಇಟ್ಟಿದ್ದಾರೆ. ಅಪ್ಪ ಅಲ್ಲಿ ನಿಂತವರು ನಿಂತೇಬಿಟ್ಟರು. ಕನ್ನಡಕ ಹಣೆಗೇರಿಸಿ ಒಂದು ಪೆಟ್ಟಿಗೆಯ ಹಗ್ಗ ನೋಡಿದರು. 'ಈ ಗಂಟು ಹಾಕಿದೋನು ಅಭ್ಯಾಸ ಇರೋನು. ಇದನ್ನ ಬಿಚ್ಚೋಕಾಗಲ್ಲ, ಕುಯ್ಯಬೇಕು. ದಾರೀಲಿ ಯಾರಾದ್ರೂ ಕೈ ಹಾಕಿದ್ರೆ ಗೊತ್ತಾಗಲಿ ಅಂತ ಹಿಂಗೆ ಹಾಕ್ತಾರೆ.' ಆಮೇಲೆ ಇನ್ನೊಂದು ಟ್ರಂಕು. ಕಬ್ಬಿಣದ ಮೂಲೆಪಟ್ಟಿ ಯಾವ ಕಡೆ ಜಜ್ಜಿದೆ ಅಂತ ನೋಡಿ, ಇದನ್ನು ಎತ್ತಿ ಇಳಿಸಿಲ್ಲ, ಎಳೆದು ಬೀಳಿಸಿದ್ದಾರೆ ಅಂತ ತೀರ್ಪು ಕೊಟ್ಟರು. ಅಷ್ಟು ಖುಷಿಯಾಗಿ ಅವರು ಮಾತಾಡಿದ್ದು, ನಮ್ಮ ಜೊತೆ ಇಲ್ಲಿದ್ದ ಆ ಆರು ತಿಂಗಳಲ್ಲಿ ನಾನು ಕೇಳಿರಲಿಲ್ಲ. ನಾನು ವಾಚು ನೋಡಿ 'ಬನ್ನಿ ಅಪ್ಪ, ಬನ್ನಿ ಅಪ್ಪ' ಅಂತಿದ್ದೆ. ಅಷ್ಟರಲ್ಲಿ ಮುಚ್ಚುವ ಅನೌನ್ಸ್‌ಮೆಂಟ್ ಆಯಿತು. ಮೇಲಿನ ಹಾಲ್ ನೋಡಲೇ ಇಲ್ಲ. ಈಗಲೂ ಫೋನಿನಲ್ಲಿ 'ಆ ಲಗೇಜ್ ಆಫೀಸಿನ ಮೇಲುಗಡೆ ಏನಿತ್ತೋ' ಅಂತ ಕೇಳುತ್ತಾರೆ.

ಮೇಲೆ ಏನಿದೆ ಅಂದರೆ, ಆ ಕಟ್ಟಡದ ಜೀವವೇ ಇದೆ. ಆಮೇಲೆ ನೆಂಟರ ಜೊತೆ ಜೆರ್ಸಿ ಕಡೆಯಿಂದ ಹೋಗಿ ನೋಡಿದೆ. ರಿಜಿಸ್ಟ್ರಿ ರೂಮ್ ಅಂತ ದೊಡ್ಡ ಹಾಲ್, ಹೆಂಚು ಕೂರಿಸಿದ ಕಮಾನು ಚಾವಣಿ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಈ ದ್ವೀಪದ ಮೂಲಕ ಅಮೆರಿಕ ಸೇರಿದರು. 1907ರ ಏಪ್ರಿಲ್ 17ರಂದು ಒಂದೇ ದಿನ 11,747 ಜನ. ಎಲ್ಲರೂ ಬರುತ್ತಿರಲಿಲ್ಲ. ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸಿನವರನ್ನು ಹಡಗಿನಲ್ಲೇ ನೋಡಿ ಬಿಡುತ್ತಿದ್ದರು. ಇಲ್ಲಿಗೆ ಬರುತ್ತಿದ್ದದ್ದು ಹಡಗಿನ ತಳದ ದರ್ಜೆಯ ಬಡವರು.

ಮೆಟ್ಟಿಲು ಹತ್ತುವಾಗಲೇ ಪರೀಕ್ಷೆ ಶುರು. ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ ಅಂತ ಡಾಕ್ಟರುಗಳು ಮೇಲಿನಿಂದ ನೋಡುತ್ತಿದ್ದರು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ. ಹೃದಯಕ್ಕೆ ಎಚ್, ಕಣ್ಣಿಗೆ ಇ, ಕಾಲಿಗೆ ಎಲ್. ಕಣ್ಣಿನ ರೆಪ್ಪೆ ಮಡಚಿ ನೋಡಲು ಬೂಟಿನ ಗುಂಡಿ ಹಾಕುವ ಕೊಕ್ಕೆ ಬಳಸುತ್ತಿದ್ದರು. ಮಂಡಿ ಹಿಡಿದುಕೊಂಡು ಹತ್ತುವ ನಮ್ಮಮ್ಮನಿಗೆ ಖಂಡಿತ ಎಲ್ ಬೀಳುತ್ತಿತ್ತು.

ಆಮೇಲೆ ಪ್ರಶ್ನೆಗಳು. ಟಿಕೆಟ್‌ಗೆ ದುಡ್ಡು ಕೊಟ್ಟವರು ಯಾರು, ಕೈಯಲ್ಲಿ ಎಷ್ಟಿದೆ, ಎಲ್ಲಿಗೆ ಹೋಗ್ತೀಯ. ಇದೆಲ್ಲ ನಮಗೂ ಗೊತ್ತಿರುವುದೇ. ನನ್ನನ್ನು ಅಲ್ಲಾಡಿಸಿದ್ದು ಇನ್ನೊಂದು ಪ್ರಶ್ನೆ. ಇಲ್ಲಿ ಕೆಲಸ ಮೊದಲೇ ಗೊತ್ತಾಗಿದೆಯಾ? 'ಹೌದು, ರೆಡಿ ಇದೆ' ಅಂದರೆ ಸಿಕ್ಕಿಬಿದ್ದ ಹಾಗೆ. ಕೂಲಿಯವರನ್ನು ಮೊದಲೇ ಒಪ್ಪಂದ ಮಾಡಿಕೊಂಡು ಕರೆಸುವುದನ್ನು 1885ರ ಕಾಯಿದೆ ನಿಷೇಧಿಸಿತ್ತು. 'ಕೆಲಸ ಇಲ್ಲ, ಆದರೆ ದುಡಿಯಬಲ್ಲೆ' ಅನ್ನಬೇಕಿತ್ತು. ಆಫರ್ ಲೆಟರನ್ನು ಎದೆಗೆ ಅವಚಿಕೊಂಡು ನೆವಾರ್ಕಿನಲ್ಲಿ ಇಳಿದವನು ನಾನು, ಕೆಲಸ ಗೊತ್ತಾದ ಮೇಲೇ ಸಿಗುವ ಎಚ್1ಬಿ ವೀಸಾದಲ್ಲಿ. ಆ ಹಾಲಿನಲ್ಲಿ ನಿಂತು ಅದನ್ನು ಓದಿ ಸುಮ್ಮನೆ ನಕ್ಕುಬಿಟ್ಟೆ. ಹೆಚ್ಚಿನವರು ಕೆಲವು ಗಂಟೆಗಳಲ್ಲಿ ಪಾರಾಗುತ್ತಿದ್ದರು. ವಾಪಸ್ ಕಳಿಸುತ್ತಿದ್ದದ್ದು ಸುಮಾರು ನೂರಕ್ಕೆ ಇಬ್ಬರನ್ನು. ಕಡಿಮೆ ಅಲ್ವಾ ಅನ್ನಿಸುತ್ತೆ. ಮನೆ ಮಾರಿ ಬಂದು ಆ ಇಬ್ಬರಲ್ಲಿ ಒಬ್ಬರಾದರೆ?

ಅಲ್ಲಿ ಗುಮಾಸ್ತರು ವಲಸೆಗಾರರ ಹೆಸರು ಬದಲಾಯಿಸುತ್ತಿದ್ದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಡಗು ಹತ್ತುವಾಗಲೇ ಬರೆದ ಪಟ್ಟಿ ಅವರ ಕೈಯಲ್ಲಿರುತ್ತಿತ್ತು, ಅದನ್ನೇ ತಾಳೆ ನೋಡುತ್ತಿದ್ದರು. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹುಟ್ಟಿದ ದಿನ ಆಗುತ್ತಿತ್ತಲ್ಲ, ಅಷ್ಟೂ ಸ್ವಾತಂತ್ರ್ಯ ಅವರಿಗಿರಲಿಲ್ಲ.

'ಅದು ಯುರೋಪಿನವರ ಕಥೆ, ನಮಗೇನು?' ಅಂತ ನೀವು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮವರು ಅಲ್ಲಿ ಕಾಣದಿರುವುದಕ್ಕೆ ಕಾರಣ ಇದೆ. ಆಗ ಭಾರತದಿಂದ ಬಂದವರು ಹೆಚ್ಚಾಗಿ ಇಳಿದದ್ದು ಪಶ್ಚಿಮ ಕರಾವಳಿಯಲ್ಲಿ. 1917ರ ಕಾಯಿದೆ ಭಾರತವೂ ಸೇರಿ ಏಷ್ಯಾದ ಬಹುಭಾಗದ ಜನರಿಗೆ ಬಾಗಿಲು ಹಾಕಿತು. ಭಗತ್ ಸಿಂಗ್ ಥಿಂದ್ ಅನ್ನುವವರು ಪೌರತ್ವಕ್ಕಾಗಿ ಕೋರ್ಟಿಗೆ ಹೋದರು. ಅಮೆರಿಕದ ಸೈನ್ಯದಲ್ಲಿ ಇದ್ದ ಮನುಷ್ಯ. 1923ರಲ್ಲಿ ಸುಪ್ರೀಂ ಕೋರ್ಟು, ನೀನು ಬಿಳಿಯನಲ್ಲ, ಆಗುವುದಿಲ್ಲ ಅಂದಿತು. 1946ರಲ್ಲಿ ವರ್ಷಕ್ಕೆ 100 ಭಾರತೀಯರು ಅಂತ ಬಾಗಿಲು ಒಂದಿಷ್ಟು ಸರಿಯಿತು. ಸರಿಯಾಗಿ ತೆರೆದದ್ದು 1965ರ ಕಾಯಿದೆಯಿಂದ. ಅಷ್ಟರಲ್ಲಿ ಎಲ್ಲಿಸ್ ಮುಚ್ಚಿ ಹತ್ತು ವರ್ಷ ದಾಟಿತ್ತು, ಜನ ವಿಮಾನದಲ್ಲಿ ಬರುತ್ತಿದ್ದರು. ಈ ಸಂಗತಿಗಳು ಗೊತ್ತಿದ್ದು ಆ ಹಾಲಿನಲ್ಲಿ ನಿಂತರೆ ಅದು ಬೇರೆಯವರ ಕಥೆ ಅನ್ನಿಸುವುದಿಲ್ಲ. ನಿಮ್ಮ ಗ್ರೀನ್ ಕಾರ್ಡ್ ಕ್ಯೂ ನೆನಪಾಗುತ್ತೆ.

ಪ್ರತಿಮೆಯನ್ನೂ ವಲಸೆಗಾರರಿಗಾಗಿ ಮಾಡಿದ್ದಲ್ಲ. ಅದು ಫ್ರಾನ್ಸಿನ ಜನ ಕೊಟ್ಟ ಉಡುಗೊರೆ, ಶಿಲ್ಪಿ ಬಾರ್ತೋಲ್ದಿ. ಬಂಧನ ಕಳಚಿದ ಗುರುತಾಗಿ ಪಾದದ ಹತ್ತಿರ ತುಂಡಾದ ಸರಪಳಿ ಇದೆ, ಕೆಳಗೆ ನಿಂತವರಿಗೆ ಕಾಣುವುದಿಲ್ಲ. ವಲಸೆಗಾರರನ್ನು ಸ್ವಾಗತಿಸುವ, ಎಮ್ಮಾ ಲಾಜರಸ್ ಎಂಬ ಕವಯಿತ್ರಿ ಬರೆದ ಕವಿತೆಯ ಫಲಕ ಬಂದದ್ದು 1903ರಲ್ಲಿ. ಪಕ್ಕದಲ್ಲೇ ಹಡಗುಗಳು ಹಾದು ಹೋದದ್ದರಿಂದ ಅದು 'ಬನ್ನಿ' ಅನ್ನುವ ತಾಯಿಯಾಯಿತು. ಅದಕ್ಕೇ ಎಲ್ಲಿಸ್ ನೋಡದೆ ಪ್ರತಿಮೆ ನೋಡಿದರೆ ಬರೀ ಎತ್ತರ ಕಾಣುತ್ತೆ.

ಹಾಗಾಗಿ ನೀವು ಹೀಗೆ ಮಾಡಿ. ಜೆರ್ಸಿ ಕಡೆಯಿಂದ ಸಾಮಾನ್ಯ ಟಿಕೆಟ್ ತಗೊಳ್ಳಿ, ಬೆಳಗಿನ ಮೊದಲ ದೋಣಿಗೆ. ಎರಡೂ ದ್ವೀಪಗಳ ಮ್ಯೂಸಿಯಂ ಅದರಲ್ಲೇ ಸೇರಿವೆ, ಆಡಿಯೋ ಗೈಡ್ ಕೂಡ. ಎಲ್ಲಿಸ್‌ನಲ್ಲಿ ಅಪ್ಪ-ಅಮ್ಮ ಎಲ್ಲಿ ನಿಂತರೆ ಅಲ್ಲಿ ನಿಲ್ಲಿ, ವಾಚು ನೋಡಬೇಡಿ. ಮಹಡಿಗೆ ಲಿಫ್ಟ್ ಇದೆ. ಹೊರಗೆ ಬೆಂಚಿನಲ್ಲಿ ಕೂತು ಕಟ್ಟಿಕೊಂಡು ಹೋದ ಚಿತ್ರಾನ್ನ ತಿನ್ನಬಹುದು. ಆಮೇಲೆ ಪ್ರತಿಮೆಯ ದ್ವೀಪ. ಅಲ್ಲಿ 2019ರಲ್ಲಿ ತೆರೆದ ಮ್ಯೂಸಿಯಂನಲ್ಲಿ ಹಳೆಯ ಅಸಲಿ ಪಂಜು ಇಟ್ಟಿದ್ದಾರೆ, ಅದೊಂದನ್ನು ತಪ್ಪಿಸಬೇಡಿ. ಈಗ ಮೇಲಿರುವುದು 1986ರಲ್ಲಿ ಕೂರಿಸಿದ್ದು. ಪೀಠದ ಟಿಕೆಟ್ ಬೇಡ, ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತೆ.

ವಾಪಸ್ ಬರುವಾಗ ಒಂದು ಎಚ್ಚರ. ದ್ವೀಪಗಳಲ್ಲಿ ನ್ಯೂಯಾರ್ಕ್ ದೋಣಿಗೂ ನ್ಯೂಜೆರ್ಸಿ ದೋಣಿಗೂ ಬೇರೆ ಬೇರೆ ಕ್ಯೂ. ಬೋರ್ಡು ಓದದೆ ಜನ ನಿಂತ ಕಡೆ ನಿಂತರೆ ಮ್ಯಾನ್‌ಹಾಟನ್‌ನಲ್ಲಿ ಇಳಿಯುತ್ತೀರಿ, ಕಾರು ಮಾತ್ರ ಜೆರ್ಸಿ ಸಿಟಿಯಲ್ಲಿ.

ಇಷ್ಟೆಲ್ಲ ಬೇಡ, ಊರಿನವರಿಗೆ ತೋರಿಸಲು ಒಂದು ಫೋಟೋ ಸಾಕು ಅಂತ ಅವರೇ ಹೇಳಿದರೆ ಸ್ಟ್ಯಾಟನ್ ಐಲ್ಯಾಂಡ್ ಫೆರ್ರಿ ಹತ್ತಿ. ಕಿತ್ತಳೆ ಬಣ್ಣದ ದೋಣಿ, ಬಿಟ್ಟಿ, ಟಿಕೆಟ್ಟೇ ಇಲ್ಲ. ಹೋಗುವಾಗ ಬಲಗಡೆ ನಿಲ್ಲಿ.