ಕಿಣ್ವದ ಕೈಗೆ ಸಿಕ್ಕ ಜುಟ್ಟು

ಪ್ರಶ್ನೆ: ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದು ವರ್ಷಗಳಿಂದ ಓದುತ್ತಿದ್ದೇನೆ. ಮತ್ತೆ ಅದು ಇನ್ನೂ ಯಾಕೆ ಔಷಧಿ ಆಗಿಲ್ಲ?

ಉತ್ತರ: ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಲ್ಯಾಬ್ ಸೇರಿದವಳು ನಾನು. ಮೊದಲ ವಾರವೇ ಉತ್ತರ ಸಿಕ್ಕಿತು. ಲಿವರ್‌ನಿಂದ ತೆಗೆದ ಕಿಣ್ವಗಳಿರುವ (ಅಂದರೆ ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನುಗಳಿರುವ) ಸಣ್ಣ ಟ್ಯೂಬು. ಅದನ್ನು 37 ಡಿಗ್ರಿ ಬಿಸಿಯಲ್ಲಿಟ್ಟು ರೆಸ್ವೆರಟ್ರಾಲ್ ಹಾಕಬೇಕು. ಐದೈದು ನಿಮಿಷಕ್ಕೊಮ್ಮೆ ಒಂದು ತೊಟ್ಟು ತೆಗೆದು ತಣ್ಣನೆಯ ದ್ರಾವಕ ಅಸಿಟೋನೈಟ್ರೈಲ್‌ಗೆ ಬಿಡಬೇಕು, ಕಿಣ್ವ ಅಲ್ಲಿಗೇ ನಿಲ್ಲುತ್ತದೆ. ಆ ತೊಟ್ಟುಗಳಲ್ಲಿ ಏನೆಷ್ಟಿದೆ ಎಂದು ಅಳೆಯುವ ಮಶೀನಿನ ಗ್ರಾಫಿನಲ್ಲಿ ರೆಸ್ವೆರಟ್ರಾಲ್ ಶಿಖರ ಪ್ರತಿ ಸಲವೂ ಕುಗ್ಗುತ್ತಿತ್ತು, ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು. ಮಶೀನ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಎರಡು ಸಲ ತೊಳೆದೆ!

ಕೆಟ್ಟಿದ್ದು ಮಶೀನಲ್ಲ. ರೆಸ್ವೆರಟ್ರಾಲ್ ಅಣುವಿನಲ್ಲಿ ಎರಡು ಬೆಂಜೀನ್ ಉಂಗುರ (ಆರು ಇಂಗಾಲದ ಬಳೆ), ಹೊರಗೆ ಚಾಚಿಕೊಂಡ ಮೂರು ಓಎಚ್ ಗುಂಪು (ಆಮ್ಲಜನಕ-ಜಲಜನಕದ ಜೋಡಿ). ಕಿಣ್ವಕ್ಕೆ ಅವು ಕೈಗೆ ಸಿಕ್ಕ ಜುಟ್ಟು. ಒಂದು ಕಿಣ್ವ ಅಲ್ಲಿಗೆ ಸಕ್ಕರೆಯಂಥ ಗ್ಲುಕ್ಯುರಾನಿಕ್ ಆಮ್ಲ ಅಂಟಿಸುತ್ತದೆ, ಇನ್ನೊಂದು ಸಲ್ಫೇಟ್. ಅಂಟಿದ್ದೇ ತಡ, ಅಣು ನೀರಿನಲ್ಲಿ ಸಲೀಸಾಗಿ ಕರಗಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಕರುಳು ಇದನ್ನು ಚೆನ್ನಾಗಿಯೇ ಹೀರುತ್ತದೆ. ಆದರೆ ಮೂಲ ರೂಪದಲ್ಲೇ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಗಾಜಿನ ತಟ್ಟೆಯಲ್ಲಿ ಕೋಶಗಳ ಮೇಲೆ ಸುರಿದಾಗ ನಡುವೆ ಲಿವರ್ ಇರುವುದಿಲ್ಲ, ಅಲ್ವಾ?

ಜಾಸ್ತಿ ನುಂಗಿದರೆ? ಮೈಲೋಮಾ ಎಂಬ ರಕ್ತ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 5 ಗ್ರಾಂ ಕೊಟ್ಟು ನೋಡಿದರು. ಕೆಲವರ ಕಿಡ್ನಿ ಕೈಕೊಟ್ಟಿತು, ಪರೀಕ್ಷೆ ನಿಂತಿತು. ಮಾತ್ರೆ ಕೊಂಡು ಪ್ರಯೋಗ ಮಾಡಬೇಡಿ.

ಜುಟ್ಟನ್ನೇ ಮುಚ್ಚಿಬಿಡುವುದು ಇನ್ನೊಂದು ದಾರಿ. ಮೂರರಲ್ಲಿ ಎರಡು ಓಎಚ್‌ಗೆ ಮೀಥೈಲ್ (ಒಂದೇ ಇಂಗಾಲದ ಪುಟ್ಟ ಗುಂಪು) ಟೋಪಿ ಹಾಕಿದರೆ ಟೆರೋಸ್ಟಿಲ್ಬೀನ್ ಆಗುತ್ತದೆ. ಇದು ಹೆಚ್ಚು ಹೊತ್ತು ಬಾಳುತ್ತದೆ. ಆದರೆ ನೀರಿಗೂ ಇದಕ್ಕೂ ಅಷ್ಟಕ್ಕಷ್ಟೆ. ಸಾಲದ್ದಕ್ಕೆ ಟೋಪಿ ಕಿತ್ತೊಗೆಯುವ ಪಿ450 ಕಿಣ್ವಗಳೂ ಲಿವರ್‌ನಲ್ಲಿವೆ.

ಹಾಗಂತ ಓಎಚ್ ಯಾವಾಗಲೂ ಶತ್ರುವಲ್ಲ. ಸ್ತನ ಕ್ಯಾನ್ಸರ್‌ಗೆ ಕೊಡುವ ಟಮಾಕ್ಸಿಫೆನ್ ನೋಡಿ. ಅದರ ಒಂದು ಉಂಗುರಕ್ಕೆ ಓಎಚ್ ಸೇರಿಸುವುದೇ ಲಿವರ್‌ನ ಸಿವೈಪಿ2ಡಿ6 ಎಂಬ ಕಿಣ್ವ. ಹೀಗೆ ಓಎಚ್ ಸೇರಿ, ಇನ್ನೊಂದು ಕಡೆ ಒಂದು ಮೀಥೈಲ್ ಕಳಚಿ ಹುಟ್ಟುವ ಎಂಡಾಕ್ಸಿಫೆನ್, ಈಸ್ಟ್ರೋಜೆನ್ ಹಾರ್ಮೋನು ಬಂದು ಕೂರುವ ರಿಸೆಪ್ಟರನ್ನು ಮೂಲ ಔಷಧಿಗಿಂತ ಸುಮಾರು ನೂರು ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಈ ಕಿಣ್ವ ಮಂದವಾಗಿರುವವರಲ್ಲಿ ಎಂಡಾಕ್ಸಿಫೆನ್ ಕಡಿಮೆ ತಯಾರಾಗುತ್ತದೆ.

ಆ ಓಎಚ್‌ಗೂ ಆಮೇಲೆ ಗ್ಲುಕ್ಯುರಾನಿಕ್ ಆಮ್ಲ ಅಂಟುತ್ತದೆ ಅನ್ನಿ.